ವಜ್ರಮುಷ್ಟಿಯ ಮೂಲ: ಆಯುಧವೋ, ಬರಿಗೈಯೋ?

ದ್ವಂದ್ವಯುದ್ಧದ ಕಲೆಗಳನ್ನು ಕುರಿತು ವಿಚಾರಮಾಡುವವರಿಗೆಲ್ಲ ಒಂದು ಪ್ರಶ್ನೆ ಎದುರಾಗುತ್ತದೆ. ಬರಿಗೈಯ ಪಟ್ಟುಗಳಿಂದ ಆಯುಧದ ವರಸೆಗಳು ಹುಟ್ಟಿದುವೋ, ಆಯುಧದ ವರಸೆಗಳೇ ಆಯುಧವನ್ನು ಕಳಚಿಟ್ಟು ಬರಿಗೈಯ ಪಟ್ಟುಗಳಾದುವೋ? ಜಪಾನಿನಲ್ಲಿ ಮೊರಿಹೈ ಉಯೆಷಿಬಾ (೧೮೮೩-೧೯೬೯) ರೂಪಿಸಿದ ಐಕಿಡೋ ಕಲೆಯ ವಿಷಯದಲ್ಲಿ ಈ ವಾದ ಬಹುಕಾಲದಿಂದ ನಡೆದಿದೆ. ಕೈಯನ್ನು ಮೇಲೆತ್ತಿ ನೆತ್ತಿಯ ಮೇಲೆ ಇಳಿಸುವ ಏಟು ಖಡ್ಗದ ಏಟಿನ ಪಡಿಯಚ್ಚು. ಎದುರಾಳಿಯ ಮಣಿಕಟ್ಟನ್ನು ಹಿಡಿಯುವುದು ಅವನು ಖಡ್ಗವನ್ನು ಒರೆಯಿಂದ ಹಿರಿಯದಂತೆ ತಡೆಯುವ ಉಪಾಯ. ಆದ್ದರಿಂದ ಆ ಕಲೆಯ ಮೂಲ ಆಯುಧವೇ ಎಂಬುದು ಒಂದು ಪಕ್ಷ. ಉಯೆಷಿಬಾ ತನ್ನ ಗುರು ತಕೇದಾ ಸೋಕಾಕುವಿನಿಂದ ಕಲಿತದ್ದು ಮುಖ್ಯವಾಗಿ ಜುಜುತ್ಸು ಎಂಬ ಬರಿಗೈ ವಿದ್ಯೆ. ಆದ್ದರಿಂದ ಮೂಲ ಬರಿಗೈಯೇ ಎಂಬುದು ಇನ್ನೊಂದು ಪಕ್ಷ. ಆದರೆ ಆ ತಕೇದಾ ಸ್ವತಃ ನುರಿತ ಖಡ್ಗಪಟುವಾಗಿದ್ದನೆಂಬುದನ್ನು ನೆನೆದರೆ ಎರಡು ಪಕ್ಷಗಳ ನಡುವಣ ಗೆರೆ ಮಸುಕಾಗುತ್ತದೆ.

ಇದೇ ಪ್ರಶ್ನೆಯನ್ನು ನಮ್ಮ ನಾಡಿನ ವಜ್ರಮುಷ್ಟಿಗೆ ಹಾಕಿ ನೋಡುವುದು ಉಪಯುಕ್ತ. ವಿಜಯದಶಮಿಯ ದಿನ ಮೈಸೂರಿನ ಅರಮನೆಯಲ್ಲಿ ನಡೆಯುವ ಜಟ್ಟಿಕಾಳಗವನ್ನು ವಾಚಕರಲ್ಲಿ ಅನೇಕರು ಬಲ್ಲರು. ತಲೆ ಬೋಳಿಸಿ ಜುಟ್ಟು ಮಾತ್ರ ಉಳಿಸಿಕೊಂಡ ಇಬ್ಬರು ಜಟ್ಟಿಗಳು, ದಂತದಿಂದಲೋ ಕೊಂಬಿನಿಂದಲೋ ಮಾಡಿದ ಮೊನಚಾದ ಸಾಧನವನ್ನು ಬಲಗೈಯ ಬೆರಳುಗಳಿಗೆ ತೊಟ್ಟು ಮಟ್ಟಿಗೆ ಇಳಿಯುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಹೊರನೋಟಕ್ಕೆ ಇದು ಆಯುಧದ ಕಲೆ. ಆದರೆ ಹಳೆಯ ಸಾಕ್ಷ್ಯಗಳು ಬೇರೊಂದು ಮಾತನ್ನು ಹೇಳುತ್ತವೆ.

ಮೊದಲನೆಯ ಸಾಕ್ಷ್ಯ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. ಹನ್ನೆರಡನೆಯ ಶತಮಾನದ ಈ ಸಂಸ್ಕೃತ ಗ್ರಂಥದಲ್ಲಿ ಆಯುಧ ಹಿಡಿದ ದ್ವಂದ್ವಕ್ಕೆ ಅಂಕವಿನೋದವೆಂದೂ ಕುಸ್ತಿಗೆ ಮಲ್ಲವಿನೋದವೆಂದೂ ಬೇರೆ ಬೇರೆ ಪ್ರಕರಣಗಳಿವೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ಅನುಸಾರವಾಗಿ ವಿಂಗಡಿಸುವಾಗ ಬರುವ ‘ಜ್ಯೇಷ್ಠಿಕ’ ಎಂಬ ಹೆಸರನ್ನೂ ನಮ್ಮ ‘ಜಟ್ಟಿ’ ಶಬ್ದವನ್ನೂ ಒಟ್ಟಿಗೆ ಇಟ್ಟು ನೋಡುವುದು ಸಹಜ. ಜಟ್ಟಿಯ ಹೆಸರು ಅಂಕದ ಕಡೆಗಲ್ಲ, ಮಲ್ಲವಿದ್ಯೆಯ ಕಡೆಗೆ ಬೊಟ್ಟುಮಾಡುತ್ತದೆ. ಗುಜರಾತಿನ ಜ್ಯೇಷ್ಠಿಮಲ್ಲರ ಪರಂಪರೆಯನ್ನು ಹೇಳುವ ‘ಮಲ್ಲಪುರಾಣ’ವೂ (ಬರೋಡಾದಲ್ಲಿ ೧೯೬೪ರಲ್ಲಿ ಅಚ್ಚಾಯಿತು) ಪ್ರಧಾನವಾಗಿ ಕುಸ್ತಿಯ ಶಾಸ್ತ್ರವೇ.

ಎರಡನೆಯ ಸಾಕ್ಷ್ಯ ವಿಜಯನಗರದ್ದು. ಅಚ್ಯುತರಾಯನ ಕಾಲದಲ್ಲಿ ಬರೆದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ಮಹಾನವಮಿಯಲ್ಲಿ ರಾಜನೆದುರು ಸೆಣಸುವ ಮಲ್ಲರು ಕೈಯಲ್ಲಿ ಮೊನೆಯುಳ್ಳ ಬಳೆಗಳನ್ನು ಹಿಡಿದು ಹೊಡೆದಾಡುತ್ತಿದ್ದರೆಂದು ತಿಳಿಸುತ್ತಾನೆ. ಇದು ತನ್ನ ದೇಶದ ಕುಸ್ತಿಯಂತಲ್ಲ ಎನ್ನುತ್ತಾನೆಯೇ ಹೊರತು, ಕುಸ್ತಿಯೇ ಅಲ್ಲ ಎನ್ನುವುದಿಲ್ಲ.

ಮೂರನೆಯ ಸಾಕ್ಷ್ಯ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಮೈಸೂರಿನಲ್ಲಿ ರೆಸಿಡೆಂಟನಾಗಿ ಕೆಲಸ ಮಾಡಿದ ಮಾರ್ಕ್ ವಿಲ್ಕ್ಸ್ ೧೮೧೦ರಲ್ಲಿ ಪ್ರಕಟವಾಗತೊಡಗಿದ ತನ್ನ ಇತಿಹಾಸಗ್ರಂಥದಲ್ಲಿ ಜಟ್ಟಿಕಾಳಗವನ್ನು ವರ್ಣಿಸಿದ್ದಾನೆ. ಅವನ ಪ್ರಕಾರ ಅದು ಕುಸ್ತಿ ಮತ್ತು ಮುಷ್ಟಿಯುದ್ಧಗಳ ಮಿಶ್ರಣ. ಏಟು ಬೀಳಬೇಕಾದ್ದು ತಲೆಗೆ ಮಾತ್ರ. ಬಲಗೈಯಲ್ಲಿ ಎಮ್ಮೆಯ ಕೊಂಬಿನ ಸಾಧನ. ಏಟಿಗೆ ಇಷ್ಟು ಕಟ್ಟುನಿಟ್ಟಾದ ಎಲ್ಲೆಯಿದ್ದ ಮೇಲೆ ಕಾಳಗದ ಉಳಿದ ಭಾಗವೆಲ್ಲ ಹಿಡಿತ, ಬಿಡಿಸಿಕೊಳ್ಳುವಿಕೆ, ಕೆಡಹುವಿಕೆಗಳೇ ಆಗಿರಬೇಕಷ್ಟೆ.

ಹಾಗಾದರೆ ಆಯುಧಕ್ಕೆ ಇಲ್ಲಿ ಸ್ಥಾನವೇ ಇಲ್ಲವೆ? ಇದೆ, ಆದರೆ ಆ ಸ್ಥಾನ ಜನಕನದಲ್ಲ, ಶಿಕ್ಷಕನದು. ಸಾಮಾನ್ಯ ಕುಸ್ತಿಯಲ್ಲಿ ಜಟ್ಟಿಯ ಗಮನ ಎದುರಾಳಿಯ ಕತ್ತು, ಸೊಂಟ, ಕಾಲುಗಳ ಮೇಲೆ. ಎದುರಾಳಿಯ ಬಲಗೈಗೆ ಮೊನೆಯುಳ್ಳ ಕೊಂಬು ಬಂದೊಡನೆ ಆ ಗಮನವೆಲ್ಲ ಒಂದು ಮಣಿಕಟ್ಟಿನ ಮೇಲೆ ಕೇಂದ್ರೀಕೃತವಾಗುತ್ತದೆ. ಅದನ್ನು ಹಿಡಿದಿಡದೆ ಮೈಗೆ ಮೈ ಸೇರಿಸುವಂತಿಲ್ಲ. ಬಲ್ಲ ಪಟ್ಟುಗಳೇ ಹೊಸ ಕ್ರಮದಲ್ಲಿ ಜೋಡಣೆಗೊಳ್ಳುತ್ತವೆ. ಐಕಿಡೋದಲ್ಲಿ ಮಣಿಕಟ್ಟಿಗೆ ಇರುವ ಪ್ರಾಧಾನ್ಯಕ್ಕೂ ಕಾರಣ ಇದೇ ಇರಬೇಕು. ಎರಡು ಕಡೆಯೂ ಪಟ್ಟನ್ನು ತಿದ್ದಿದ್ದು ನಮ್ಮ ಕೈಯ ಆಯುಧಕ್ಕಿಂತ ಹೆಚ್ಚಾಗಿ ಎದುರಾಳಿಯ ಕೈಯ ಆಯುಧದ ಭಯ.

ಆಯುಧವನ್ನು ಕಂಡಲ್ಲೆಲ್ಲ ಆಯುಧವಿದ್ಯೆಯನ್ನು ಊಹಿಸಬಾರದೆಂಬುದಕ್ಕೆ ನಾನು ವಾಸವಾಗಿರುವ ಕಾಶಿಯೇ ನಿದರ್ಶನ. ಭೇಲೂಪುರದಿಂದ ಅಸ್ಸಿಯ ಕಡೆಗೆ ನಡೆದರೆ ತುಳಸೀಘಾಟಿನ ಅಖಾಡ ಸಿಗುತ್ತದೆ. ಬಿದಿರಿನ ಕಾವಿಗೆ ಕಲ್ಲಿನ ಗುಂಡು ಕೂಡಿಸಿದ ಗದೆಯನ್ನೂ ‘ಜೋಡಿ’ ಎನ್ನುವ ಭಾರವಾದ ಮರದ ಮುದ್ಗರಗಳನ್ನೂ ತಿರುಗಿಸುವ ಸ್ಪರ್ಧೆ ನಾಗಪಂಚಮಿಯಲ್ಲಿ ಅಲ್ಲಿ ನಡೆಯುತ್ತದೆ. ಕಾಶಿಯಲ್ಲಿ ಮೊಳೆ ಬಡಿದ ಜೋಡಿಗಳೂ ಉಂಟು. ಕಂಡವರು ಅದನ್ನು ಭಯಂಕರ ಆಯುಧವೆಂದೇ ಎಣಿಸುವರು. ಆದರೆ ಆ ಮೊಳೆಗಳ ಕೆಲಸ ತಿರುಗಿಸುವವನು ಜೋಡಿಯನ್ನು ತನ್ನ ಬೆನ್ನಿಗೆ ಆನಿಸದಂತೆ ಎಚ್ಚರದಲ್ಲಿಡುವುದು. ರನ್ನನ ಭೀಮ ದುರ್ಯೋಧನನೆದುರು ಎತ್ತಿದ ಗದೆ ಇಲ್ಲಿ ಹೆಗಲನ್ನು ಬೆಳೆಸುವ ಸಾಧನ ಮಾತ್ರ. ಮಣ್ಣಿಗಿಳಿದ ಮೇಲೆ ಪೈಲವಾನನ ಕೈ ಬರಿದು. ನಮ್ಮ ಗರಡಿಗಳ ಗದೆಯ ಮಾತೂ ಇದೇ.

ಈ ವಿಚಾರ ಕೇವಲ ಪಾಂಡಿತ್ಯದ ಕುತೂಹಲವಲ್ಲ. ವಜ್ರಮುಷ್ಟಿ ಇಂದು ವರ್ಷಕ್ಕೊಮ್ಮೆ, ಹಲವು ವೇಳೆ ಕೆಲವೇ ಕ್ಷಣಗಳಷ್ಟು, ನೋಡುವವರ ಕಣ್ಣಿಗೆ ಬೀಳುತ್ತದೆ. ಮೊದಲ ಹನಿ ರಕ್ತ ಕಂಡೊಡನೆ ಕಾಳಗ ಮುಗಿಯುವುದರಿಂದ ಉಳಿದು ಕಾಣುವುದು ಏಟು ಮಾತ್ರ. ಏಟಿನ ಹಿಂದಿದ್ದ ಕುಸ್ತಿ ಮರೆಯಾಗುತ್ತಿದೆ. ಜಟ್ಟಿಮನೆತನದ ಹಿರಿಯರಿಂದ ಹಿಡಿತಗಳ ಹೆಸರು, ಕ್ರಮ, ಬಿಡಿಸುವ ರೀತಿಗಳನ್ನು ಕೇಳಿ ಬರೆದಿಡದೆ ಹೋದರೆ, ಮುಂದಿನ ಸಂಶೋಧಕನ ಮುಂದೆ ಉಳಿಯುವುದು ವಸ್ತುಸಂಗ್ರಹಾಲಯದ ಗಾಜಿನೊಳಗಿನ ಒಂದು ಕೊಂಬು. ಅದನ್ನು ನೋಡಿ ಅವನು ವಜ್ರಮುಷ್ಟಿ ಆಯುಧವಿದ್ಯೆಯೆಂದು ತೀರ್ಮಾನಿಸಿದರೆ ದೋಷ ಅವನದಾಗದು. ‘ಮಾನಸೋಲ್ಲಾಸ’ ಕೂಡ ಪಟ್ಟುಗಳ ಹೆಸರುಗಳನ್ನು ಹೇಳಿ ವಿವರಣೆಯನ್ನು ಬಿಟ್ಟಿರುವುದರಿಂದ ಇಂದು ನಮಗೆ ಎಷ್ಟು ತೊಡಕಾಗಿದೆಯೆಂಬುದನ್ನು ಬಲ್ಲವರು ಬಲ್ಲರು. ಆ ಕೊರತೆಯನ್ನು ತುಂಬಬಲ್ಲವರು ಮೈಸೂರು, ಚಾಮರಾಜನಗರ, ಚನ್ನಪಟ್ಟಣಗಳ ಜಟ್ಟಿಮನೆಗಳಲ್ಲಿ ಇನ್ನೂ ಇದ್ದಾರೆ. ಅವರಿರುವಾಗಲೇ ಆ ಕೆಲಸ ನಡೆಯಬೇಕು.