ಮ್ಯಾನ್ ದ್ವೀಪದ ಕರಣಿಕ ಜಾನ್ ಕ್ವೇಲ್

ನಾಡಿನ ಚರಿತ್ರೆಯನ್ನು ಹೇಳುವವರು ಅರಸರನ್ನೂ ಸೇನಾನಿಗಳನ್ನೂ ನೆನೆಯುತ್ತಾರೆ. ಕಡತಗಳನ್ನು ಕಾಪಾಡಿದ ಕರಣಿಕನನ್ನು ನೆನೆಯುವವರು ವಿರಳ. ಅಂಥ ಒಬ್ಬರ ಪರಿಚಯವನ್ನು ಓದುಗರ ಮುಂದಿಡಲು ನಾವು ಬಯಸುತ್ತೇವೆ.

ಇಂಗ್ಲೆಂಡ್ ಮತ್ತು ಐರ್ಲೆಂಡ್‌ಗಳ ನಡುವಣ ಕಡಲಿನಲ್ಲಿರುವ ಮ್ಯಾನ್ ದ್ವೀಪವು ಸುಮಾರು 220 ಚದರ ಮೈಲಿಯ ಪುಟ್ಟ ನೆಲ. ಆದರೂ ಅದಕ್ಕೆ ಟಿನ್‌ವಾಲ್ಡ್ ಎಂಬ ತನ್ನದೇ ಶಾಸನಸಭೆಯುಂಟು. ಡೀಮ್‌ಸ್ಟರ್ ಎನಿಸಿಕೊಳ್ಳುವ ನ್ಯಾಯಾಧೀಶರುಂಟು. ಹಿಂದೆ ಅಲ್ಲಿನ ಅನೇಕ ಕಟ್ಟಳೆಗಳು ಬರಹದಲ್ಲಿರದೆ ಡೀಮ್‌ಸ್ಟರರ ನೆನಪಿನಲ್ಲಿಯೇ ಉಳಿದಿದ್ದವು. ಅವುಗಳನ್ನು ‘ಎದೆಯ ಕಾನೂನು’ ಎಂದು ಕರೆಯುತ್ತಿದ್ದರು. ನೆನಪಾದರೋ ಮನುಷ್ಯನೊಡನೆ ಅಳಿಯುವಂಥದು. ಬರಹವನ್ನು ಕಾಯುವ ‘ಕ್ಲರ್ಕ್ ಆಫ್ ದಿ ರೋಲ್ಸ್’ ಎಂಬ ಹುದ್ದೆಗೆ ಅಲ್ಲಿ ಅಷ್ಟೊಂದು ಗೌರವ ಸಂದುದು ಇದರಿಂದಲೇ.

ಕ್ಯಾಸಲ್‌ಟೌನ್ ಪಟ್ಟಣದ ಜಾನ್ ಕ್ವೇಲ್ (1725–1797) ಈ ಹುದ್ದೆಯನ್ನು ದೀರ್ಘಕಾಲ ನಿರ್ವಹಿಸಿದರು. ತಂದೆಯೂ ಇದೇ ಸ್ಥಾನದಲ್ಲಿದ್ದವರು; ಮುಂದೆ ಮಗ ಮಾರ್ಕ್ ಹಿಲ್ಡ್ಸ್‌ಲಿಯೂ ಇದನ್ನೇ ವಹಿಸಿಕೊಂಡರು. 1704ರ ಶಾಸನವು ರೈತನಿಗೆ ತನ್ನ ಹಿಡುವಳಿಯನ್ನು ಮಕ್ಕಳಿಗೆ ಬಿಟ್ಟುಹೋಗುವ ಹಕ್ಕನ್ನು ಭದ್ರಪಡಿಸಿತ್ತು. ಆದರೆ ಆ ಹಕ್ಕಿಗೆ ಸಾಕ್ಷಿಯಾಗಿ ನಿಲ್ಲುತ್ತಿದ್ದುದು ಪುಸ್ತಕದಲ್ಲಿ ದಾಖಲಾದ ಹೆಸರು. ಒಂದು ಹಾಳೆ ಕಳೆದರೆ ಒಂದು ಮನೆತನದ ಹೊಲವೇ ವಿವಾದಕ್ಕೆ ಸಿಲುಕಬಹುದಿತ್ತು.

1765ರಲ್ಲಿ ಬ್ರಿಟಿಷ್ ಸರಕಾರವು 70,000 ಪೌಂಡುಗಳನ್ನು ತೆತ್ತು ದ್ವೀಪದ ಒಡೆತನದ ಹಕ್ಕುಗಳನ್ನು ಅಥೋಲ್ ಡ್ಯೂಕರಿಂದ ಕೊಂಡಿತು. ದ್ವೀಪದ ಮೂಲಕ ನಡೆಯುತ್ತಿದ್ದ ಕಳ್ಳಸಾಗಣೆಯನ್ನು ತಡೆಯುವುದೇ ಇದರ ಮುಖ್ಯ ಉದ್ದೇಶ. ಒಡೆಯರು ಬದಲಾದರು, ಆದರೆ ದ್ವೀಪದ ನ್ಯಾಯಸ್ಥಾನಗಳೂ ಭೂಮಿಯ ದಾಖಲೆಗಳೂ ಉಳಿದುಬಂದವು. ಆಳ್ವಿಕೆ ಕೈಬದಲಾಯಿಸಿದ ಕಾಲದಲ್ಲಿ ಹಳೆಯ ಕಾಗದವೇ ಬಡವನ ಬಲವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಸಂಗತಿ ನಮ್ಮ ಮನಸ್ಸನ್ನು ಕಲಕುತ್ತದೆ. ಅಂದಿನ ಬಹುಪಾಲು ಜನರ ಮಾತು ಮ್ಯಾಂಕ್ಸ್ ಭಾಷೆ. ಕಡತಗಳ ಭಾಷೆ ಮಾತ್ರ ಹೆಚ್ಚಾಗಿ ಇಂಗ್ಲಿಷ್. ಸಾಯುವವನು ತನ್ನ ನುಡಿಯಲ್ಲಿ ಹೇಳಿದ ಕೊನೆಯ ಇಚ್ಛೆಯೂ ಪರಭಾಷೆಯಲ್ಲಿ ಬರಹವಾಗುತ್ತಿತ್ತು. 1770ರ ದಶಕದ ಆದಿಯಲ್ಲಿ ಬೈಬಲ್ ಮ್ಯಾಂಕ್ಸ್ ಭಾಷೆಯಲ್ಲಿ ಪೂರ್ಣವಾಗಿ ಅಚ್ಚಾಯಿತು. ಆದರೂ ಮನೆಗಳಲ್ಲಿ ಆ ನುಡಿ ಕ್ಷೀಣಿಸುತ್ತ ಹೋಯಿತು. ಅದನ್ನು ತಾಯ್ನುಡಿಯಾಗಿ ಪಡೆದವರಲ್ಲಿ ಕೊನೆಯವರೆನ್ನಲಾದ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುದ್ರಿತ ಗ್ರಂಥಗಳೂ ಹಿರಿಯರ ಧ್ವನಿಮುದ್ರಿಕೆಗಳೂ ಉಳಿದಿದ್ದವು. ಅವುಗಳ ಆಸರೆಯಿಂದ ಕಲಿತವರು ನುಡಿಯನ್ನು ಮಕ್ಕಳಿಗೆ ದಾಟಿಸಿದರು. 2001ರಲ್ಲಿ ಮ್ಯಾಂಕ್ಸ್ ಮಾಧ್ಯಮದ ಪ್ರಾಥಮಿಕ ಶಾಲೆಯೊಂದು ಆರಂಭವಾಯಿತು. ಕ್ವೇಲ್ ಮನೆತನದ ಕಾಗದಪತ್ರಗಳೂ ಇಂದು ದ್ವೀಪದ ಸಾರ್ವಜನಿಕ ಸಂಗ್ರಹದಲ್ಲಿ ಸುರಕ್ಷಿತವಾಗಿವೆ.

ಬರೆದಿಟ್ಟದ್ದು ನೆಲವನ್ನು ಕಾಯುತ್ತದೆ. ಆಡಿದ್ದು ನುಡಿಯನ್ನು ಕಾಯುತ್ತದೆ. ಎರಡನ್ನೂ ಮುಂದಿನವರಿಗೆ ಒಪ್ಪಿಸುವ ಹೊಣೆ ಮನೆಮನೆಯದು.