ಕಣ್ಣೊಂದು ಕಡೆ, ಕೈಯೊಂದು ಕಡೆ

ಮೂವತ್ತು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರವನ್ನು ಬೋಧಿಸಿದವನು ನಾನು. ಕರಿಹಲಗೆಯ ಮೇಲೆ ದಾಸವಾಳದ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆನೆಂಬ ಹೆಮ್ಮೆ ನನಗಿತ್ತು. ಒಮ್ಮೆ ಹುಡುಗನೊಬ್ಬನ ಪುಸ್ತಕವನ್ನು ತರಗತಿಗೆಲ್ಲ ಎತ್ತಿ ತೋರಿಸಿ, "ಇದೇನಯ್ಯ, ದಾಸವಾಳವೋ, ಹಿಂಡಿದ ಕರವಸ್ತ್ರವೋ?" ಎಂದಿದ್ದೆ. ಎಲ್ಲರೂ ನಕ್ಕರು, ಅವನು ನಗಲಿಲ್ಲ.

ನಿವೃತ್ತನಾದ ಮೇಲೆ ಚಿತ್ರಕಲೆಯನ್ನು ಕ್ರಮವಾಗಿ ಕಲಿಯಬೇಕೆಂಬ ಹಂಬಲ ಹುಟ್ಟಿತು. ಊರಿನಲ್ಲಿ ಕಲಿಸುವವರಿಲ್ಲದ ಕಾರಣ ಅಂತರ್ಜಾಲವೇ ಗುರುಕುಲವಾಯಿತು. ಮಗಳು ಗ್ರಾಫಿಕ್ಸ್ ಟ್ಯಾಬ್ಲೆಟ್ ಎಂಬ ಕಪ್ಪು ಫಲಕವನ್ನೂ ಅದರ ಲೇಖನಿಯನ್ನೂ ತಂದುಕೊಟ್ಟಳು. ಗಣಕಯಂತ್ರದಲ್ಲಿ ಕ್ರಿಟ ಎಂಬ ತಂತ್ರಾಂಶವನ್ನು ಹಾಕಿದಳು. ಅದಕ್ಕೆ ಬೆಲೆಯಿಲ್ಲ. ಸ್ವೀಡಿಷ್ ಭಾಷೆಯಲ್ಲಿ ಆ ಹೆಸರಿಗೆ ಸೀಮೆಸುಣ್ಣವೆಂದು ಅರ್ಥವಂತೆ. ಹಳೆಯ ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ಶಕುನ ಬೇಕೆ?

ಆದರೆ ಶಕುನ ನಂಬಿ ಕುಳಿತವನಿಗೆ ಮೊದಲ ದಿನವೇ ಗರ್ವಭಂಗವಾಯಿತು. 1963ರಲ್ಲಿ ಅಮೆರಿಕದ ಐವನ್ ಸದರ್ಲ್ಯಾಂಡ್ ತಮ್ಮ 'ಸ್ಕೆಚ್‌ಪ್ಯಾಡ್'ನಲ್ಲಿ ಬೆಳಕಿನ ಲೇಖನಿಯನ್ನು ಪರದೆಗೇ ಮುಟ್ಟಿಸಿ ಗೆರೆ ಎಳೆದು ತೋರಿಸಿದ್ದರು. ಅಲ್ಲಿ ಕಣ್ಣು, ಕೈ ಎರಡೂ ಒಂದೇ ಕಡೆ. ನನ್ನ ಅಗ್ಗದ ಫಲಕಕ್ಕೆ ಪರದೆಯಿಲ್ಲ. ಕೈ ಮೇಜಿನ ಮೇಲೆ ಓಡಾಡುತ್ತದೆ, ಗೆರೆ ಎದುರಿನ ಪರದೆಯಲ್ಲಿ ಮೂಡುತ್ತದೆ. ವೃತ್ತ ಬರೆಯಹೋದರೆ ಅಮೀಬ ಮೂಡುತ್ತಿತ್ತು.

ಎರಡನೆಯ ತೊಡಕು, ಅಳಿಸುವ ಸೌಕರ್ಯ. ಒಂದು ಕೀಲಿಯನ್ನು ಒತ್ತಿದರೆ ತಪ್ಪು ಮಾಯ. ಒಂದೇ ಗೆರೆಯನ್ನು ನಲವತ್ತು ಸಲ ಎಳೆದು ನಲವತ್ತು ಸಲವೂ ಅಳಿಸಿದ ಸಂಜೆಗಳುಂಟು. ಮೂರನೆಯದು, ಪಾಠಗಳ ಮಹಾಪೂರ. ಚಿತ್ರ ಬರೆಯುವವರನ್ನು ರಾತ್ರಿಯೆಲ್ಲ ನೋಡುತ್ತ ಕುಳಿತೆನೇ ಹೊರತು ಲೇಖನಿಯನ್ನು ಮುಟ್ಟಲಿಲ್ಲ. ದಂಡೆಯಲ್ಲಿ ಕುಳಿತು ಈಜು ಕಲಿತವರುಂಟೆ?

ಇನ್ನು ಆಸರೆಯಾದ ಸಾಧನಗಳ ಮಾತು. ಕ್ರಿಟದಲ್ಲಿ ಪದರಗಳೆಂಬ ಅನುಕೂಲವಿದೆ. ಪಾರದರ್ಶಕ ಕಾಗದಗಳನ್ನು ಒಂದರ ಮೇಲೊಂದು ಹರಡಿದಂತೆ, ಕರಡು ಕೆಳಗೆ, ತಿದ್ದಿದ ಗೆರೆ ಮೇಲೆ. ನಡುಗುವ ಕೈಯ ಗೆರೆಯನ್ನು ನಯಗೊಳಿಸುವ ವ್ಯವಸ್ಥೆಯೂ ಉಂಟು. ಎಲ್ಲಕ್ಕಿಂತ ಮಿಗಿಲಾದದ್ದು, ಎಮ್ ಅಕ್ಷರದ ಕೀಲಿ. ಅದನ್ನು ಒತ್ತಿದರೆ ಚಿತ್ರವು ಕನ್ನಡಿಯಲ್ಲಿ ಕಂಡಂತೆ ಎಡಬಲವಾಗುತ್ತದೆ. ಅಷ್ಟು ಹೊತ್ತು ಮರೆಯಲ್ಲಿದ್ದ ಸೊಟ್ಟುಗಳೆಲ್ಲ ಕಣ್ಣಿಗೆ ಹೊಡೆಯುತ್ತವೆ. ಹೆಗಲ ಹಿಂದೆ ನಿಂತು ತಿದ್ದುವ ಗುರುವಿಲ್ಲದವನಿಗೆ ಅದೇ ಗುರು.

ಆದರೂ ನಿಜವಾದ ದಾರಿ ತೋರಿಸಿದ್ದು 1941ರಲ್ಲಿ ಪ್ರಕಟವಾದ ಹಳೆಯ ಪುಸ್ತಕ, ಕೀಮೋನ್ ನಿಕೊಲಾಯ್ಡೀಸ್ ಅವರ 'ದಿ ನ್ಯಾಚುರಲ್ ವೇ ಟು ಡ್ರಾ'. ಕಾಗದವನ್ನು ನೋಡದೆ, ವಸ್ತುವಿನ ಅಂಚಿನ ಮೇಲೆಯೇ ದೃಷ್ಟಿ ನೆಟ್ಟು, ಕಣ್ಣು ಚಲಿಸಿದಷ್ಟೇ ನಿಧಾನವಾಗಿ ಕೈ ಚಲಿಸಬೇಕೆಂಬುದು ಅದರಲ್ಲಿನ ಒಂದು ಅಭ್ಯಾಸ. ಅದನ್ನು ಓದಿದಾಗ ನನಗೆ ನಗು ಬಂತು. ಕಣ್ಣೊಂದು ಕಡೆ, ಕೈಯೊಂದು ಕಡೆ ಎಂದು ನಾನು ಶಪಿಸುತ್ತಿದ್ದ ಫಲಕವು ಮೊದಲ ದಿನದಿಂದ ನನ್ನಿಂದ ಮಾಡಿಸುತ್ತಿದ್ದುದು ಅರ್ಧ ಅದೇ ಅಭ್ಯಾಸವನ್ನು!

ಮರುದಿನ ಬೆಳಿಗ್ಗೆ ಹಿತ್ತಲಿನಿಂದ ಒಂದು ದಾಸವಾಳವನ್ನು ತಂದು ಮೇಜಿನ ಮೇಲಿಟ್ಟೆ. ಪರದೆಯನ್ನು ನೋಡದೆ ಹೂವನ್ನೇ ನೋಡುತ್ತ ಬರೆದೆ. ಪ್ರತಿಯೊಂದು ದಳದ ಒಂದು ಅಂಚು ಪಕ್ಕದ ದಳದ ಮೇಲಿತ್ತು. ಇನ್ನೊಂದು ಅಂಚು ಆಚೆಯ ದಳದ ಕೆಳಗಿತ್ತು. ಐದು ದಳಗಳೂ ಒಂದೇ ದಿಕ್ಕಿಗೆ ತಿರುಚಿಕೊಂಡಿದ್ದವು. ಈ ವಿನ್ಯಾಸದ ಹೆಸರನ್ನು ಮೂವತ್ತು ವರ್ಷ ಉರು ಹೊಡೆಸಿದವನು ನಾನೇ. ಕರಿಹಲಗೆಯ ಮೇಲೆ ಮಾತ್ರ ಗಾಡಿಯ ಚಕ್ರದ ಕಡ್ಡಿಗಳಂತೆ ಐದು ದಳಗಳನ್ನು ಬಿಡಿಬಿಡಿಯಾಗಿ ಬರೆಯುತ್ತಿದ್ದೆ.

ಆ ಹುಡುಗನ ಪುಸ್ತಕದಲ್ಲಿದ್ದ ದಳಗಳು ತಿರುಚಿಕೊಂಡಿದ್ದವು. ಅವನು ಹೂವನ್ನು ನೋಡಿ ಬರೆದಿದ್ದನೆಂದು ಕಾಣುತ್ತದೆ.