ಓಲ್ಡ್ ರಾಜಿಂದರ್ ನಗರದಿಂದ ಲಡಾಖಿಗೆ: ದಾರಿಯ ಆಯ್ಕೆಯನ್ನು ಕುರಿತು

ದೇಶ ವಿಭಜನೆಯ ತರುವಾಯ ಪಶ್ಚಿಮ ಪಂಜಾಬಿನ ನಿರಾಶ್ರಿತರಿಗಾಗಿ ನಿರ್ಮಾಣಗೊಂಡ ಓಲ್ಡ್ ರಾಜಿಂದರ್ ನಗರವು ಈಗ ಆಡಳಿತ ಸೇವೆಯ ಪರೀಕ್ಷಾರ್ಥಿಗಳ ಬೀಡಾಗಿದೆ. ಇಲ್ಲಿನ ಕಿರುಕೋಣೆಗಳಲ್ಲಿ ಗೋಡೆಗೆ ಭೂಪಟವನ್ನು ಅಂಟಿಸಿಕೊಂಡು ಓದುವ ನಮ್ಮ ನಾಡಿನ ತರುಣರಿಗೆ ಕಾರಾಕೋರಂ, ಝನ್ಸ್ಕಾರ್, ಪಾಂಗೋಂಗ್ ಎಂಬ ಹೆಸರುಗಳು ಕಂಠಪಾಠ. ಪರೀಕ್ಷೆ ಮುಗಿದೊಡನೆ ಆ ಸೀಮೆಯನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಅವರಲ್ಲಿ ಹುಟ್ಟುವುದು ಸಹಜ. ಊರಿನಿಂದ ತಂದೆತಾಯಿಗಳನ್ನು ಕರೆಸಿಕೊಂಡು ಹೊರಡುವವರೂ ಉಂಟು. ಇಂಥವರು ಸಾಮಾನ್ಯವಾಗಿ ಕೇಳುವುದು, ಎಷ್ಟು ದಿನ ಬೇಕು, ವಿಮಾನಕ್ಕೆ ಎಷ್ಟು ಹಣ ತಗಲುತ್ತದೆ ಎಂಬುದನ್ನು. ಆದರೆ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಬೇರೆಯೇ ಇದೆ: ಯಾವ ದಾರಿಯಿಂದ ಹೋಗಬೇಕು, ಮೊದಲ ರಾತ್ರಿಗಳನ್ನು ಎಷ್ಟು ಎತ್ತರದಲ್ಲಿ ಕಳೆಯಬೇಕು?

ದೆಹಲಿಯು ಸಮುದ್ರಮಟ್ಟದಿಂದ ಸುಮಾರು 215 ಮೀಟರ್ ಎತ್ತರದಲ್ಲಿದೆ. ಲೇಹ್ ಪಟ್ಟಣವು ಸುಮಾರು 3,500 ಮೀಟರ್ ಎತ್ತರದಲ್ಲಿ. ಈ ಅಂತರವನ್ನು ವಿಮಾನವು ಒಂದೂವರೆ ಗಂಟೆಯಷ್ಟರಲ್ಲಿ ದಾಟಿಸಿಬಿಡುತ್ತದೆ. ದೇಹಕ್ಕೆ ಮಾತ್ರ ಆ ವೇಗವಿಲ್ಲ. ಲೇಹಿನಲ್ಲಿ ವಾಯುವಿನ ಒತ್ತಡವು ಸಮುದ್ರಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಪಾಲಿನಷ್ಟು. ಆದಕಾರಣ ಒಂದೊಂದು ಉಸಿರಿಗೂ ಒದಗುವ ಆಮ್ಲಜನಕ ಅಷ್ಟರಮಟ್ಟಿಗೆ ಕಡಮೆ. ತಲೆನೋವು, ವಾಕರಿಕೆ, ನಿದ್ರಾಭಂಗ ಇವು ಮೊದಲ ಸೂಚನೆಗಳು. ಇವನ್ನು ಉಪೇಕ್ಷಿಸಿ ಮೇಲೇರಿದವರಿಗೆ ಶ್ವಾಸಕೋಶದಲ್ಲಿ ನೀರು ತುಂಬುವ, ಮಿದುಳು ಬಾತುಕೊಳ್ಳುವ ಅಪಾಯಗಳಿವೆ, ಎರಡೂ ಪ್ರಾಣಾಂತಿಕ. ಒಡನೆಯೇ ಕೆಳಗಿಳಿಯುವುದೇ ಮುಖ್ಯ ಚಿಕಿತ್ಸೆ. ತಾರುಣ್ಯವಾಗಲಿ ವ್ಯಾಯಾಮದ ಅಭ್ಯಾಸವಾಗಲಿ ಇದಕ್ಕೆ ಕವಚವಲ್ಲ. 3,000 ಮೀಟರಿನ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಇದ್ದಲ್ಲಿಯೇ ನಿಲ್ಲಬೇಕು ಎಂಬುದು ವೈದ್ಯರ ಸೂತ್ರ. ವಿಮಾನದಲ್ಲಿಯೇ ಹೋಗುವವರು ಮೊದಲ ಎರಡು ದಿನ ಲೇಹಿನಲ್ಲಿ ಸುಮ್ಮನೆ ವಿಶ್ರಮಿಸಬೇಕು. ಹೃದಯ, ಶ್ವಾಸಕೋಶಗಳ ವ್ಯಾಧಿಯುಳ್ಳ ಹಿರಿಯರು ವೈದ್ಯರನ್ನು ಕಾಣದೆ ಹೊರಡಲೇಬಾರದು.

ನೆಲದ ಮುಖ್ಯ ದಾರಿಗಳು ಎರಡು. ಮನಾಲಿಯ ದಾರಿಯು 2020ರಲ್ಲಿ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಸುಗಮವಾಗಿದೆ. ಆದರೆ ಆ ದಾರಿಯಲ್ಲಿ ಅನೇಕರು ರಾತ್ರಿ ತಂಗುವ ಸರ್ಚು ಲೇಹಿಗಿಂತಲೂ ಎತ್ತರದ್ದು, 4,200 ಮೀಟರಿಗೂ ಮೇಲೆ. ಹೊಸಬನಿಗೆ ಅಲ್ಲಿ ನಿದ್ರೆ ಬಾರದು. ಶ್ರೀನಗರದ ದಾರಿ ಹಾಗಲ್ಲ. 2025ರ ಜೂನ್‌ನಿಂದ ಕಟ್ರಾ–ಶ್ರೀನಗರದ ನಡುವೆ ರೈಲು ಓಡುತ್ತಿರುವುದರಿಂದ ದೆಹಲಿಯವರು ಕಟ್ರಾದಲ್ಲಿ ಗಾಡಿ ಬದಲಿಸಿ ಶ್ರೀನಗರವನ್ನು ಸೇರಬಹುದು. ಅಲ್ಲಿಂದ ಲೇಹಿಗೆ ಸುಮಾರು 420 ಕಿಲೋಮೀಟರ್. ಶ್ರೀನಗರದಲ್ಲಿ ಒಂದು, ಸುಮಾರು 2,700 ಮೀಟರಿನ ಕಾರ್ಗಿಲಿನಲ್ಲಿ ಎರಡು, ಸುಮಾರು 3,300 ಮೀಟರಿನ ಮುಲ್ಬೇಖಿನಲ್ಲಿ ಒಂದು, ಹೀಗೆ ರಾತ್ರಿಗಳನ್ನು ಕಳೆದು ಲೇಹನ್ನು ಹೊಕ್ಕರೆ ದೇಹವು ಮೆಟ್ಟಿಲು ಮೆಟ್ಟಿಲಾಗಿ ಏರಿದಂತಾಗುತ್ತದೆ.

ಈ ದಾರಿಯನ್ನು ನಾವು ಮೇಲೆಂದು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಲಡಾಖ್ ಎಂದರೆ ಲಾಮಾಗಳ ನಾಡೆಂದು ನಮ್ಮಲ್ಲಿ ಹಲವರ ಎಣಿಕೆ. 2011ರ ಜನಗಣತಿಯಂತೆ ಅಲ್ಲಿದ್ದವರು 2,74,289 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಾರ್ಗಿಲ್ ಜಿಲ್ಲೆಯವರು, ಆ ಜಿಲ್ಲೆಯಲ್ಲಿ ಮುಸಲ್ಮಾನರೇ ಬಹುಸಂಖ್ಯಾತರು. ವಿಮಾನದಲ್ಲಿ ಹೋದವನಿಗೆ ಈ ಅರ್ಧವು ಕಾಣುವುದೇ ಇಲ್ಲ. ಕಾಶ್ಮೀರಿ ಮಾತಿನ ಸೀಮೆಯನ್ನು ಬಿಟ್ಟು ಜೋಜಿ ಲಾ ಕಣಿವೆಯನ್ನು ದಾಟಿದರೆ ('ಲಾ' ಎಂದರೆ ಅವರ ನುಡಿಯಲ್ಲಿ ಬೆಟ್ಟದ ಕಣಿವೆದಾರಿ, 'ತ್ಸೋ' ಎಂದರೆ ಸರೋವರ) ದ್ರಾಸಿನಲ್ಲಿ ಶಿನಾ ನುಡಿ. ಅದು ಆರ್ಯಭಾಷಾವರ್ಗದ ದರ್ದೀ ಶಾಖೆಗೆ ಸೇರಿದ್ದು. ಕಾರ್ಗಿಲಿನಲ್ಲಿ ಪುರ್ಗಿ. ಆಡುವವರು ಬಹುಮಟ್ಟಿಗೆ ಶಿಯಾ ಮುಸಲ್ಮಾನರು, ಆದರೆ ನುಡಿ ಟಿಬೆಟಿನ ಕುಲದ್ದು. ಲ್ಹಾಸಾದ ನಾಲಗೆಯಿಂದ ಎಂದೋ ಜಾರಿಹೋಗಿ ಬರವಣಿಗೆಯಲ್ಲಷ್ಟೇ ಉಳಿದಿರುವ ಹಳೆಯ ವ್ಯಂಜನಸಂಯೋಗಗಳು ಪುರ್ಗಿ, ಬಾಲ್ಟಿ ನುಡಿಗಳಲ್ಲಿ ಇಂದಿಗೂ ಕೇಳಿಬರುತ್ತವೆ. ಹಳಗನ್ನಡದ ರೂಪಗಳನ್ನು ಪ್ರಾಂತಭಾಷೆಗಳಲ್ಲಿ ಹುಡುಕುವ ನಮ್ಮ ವಿದ್ವಾಂಸರಿಗೆ ಇದಕ್ಕಿಂತ ರುಚಿಕರವಾದ ಸಂಗತಿ ಬೇರೊಂದಿರಲಾರದು. 2025ರ ಜೂನ್‌ನಲ್ಲಿ ಇಂಗ್ಲಿಷ್, ಹಿಂದಿ, ಉರ್ದುಗಳ ಜೊತೆಗೆ ಭೋಟಿ, ಪುರ್ಗಿಗಳಿಗೂ ಅಲ್ಲಿ ಅಧಿಕೃತ ಭಾಷೆಯ ಸ್ಥಾನ ದೊರೆತಿದೆ. ಮುಲ್ಬೇಖಿನಲ್ಲಿ ದಾರಿಯ ಪಕ್ಕದ ಬಂಡೆಯಲ್ಲಿ ಕೊರೆದ ಮೈತ್ರೇಯನ ನಿಂತ ಮೂರ್ತಿಯಿದೆ. ಶ್ರವಣಬೆಳಗೊಳವನ್ನು ಕಂಡವರು ಅಲ್ಲಿ ಗಾಡಿಯನ್ನು ನಿಲ್ಲಿಸದೆ ಹೋಗಲಾರರು. ಅಲ್ಲಿಂದ ಮುಂದೆ ಬೌದ್ಧರ ಊರುಗಳು ಹೆಚ್ಚು.

ಲೇಹಿನಲ್ಲಿ ಎರಡು ದಿನ ನಿಂತ ಮೇಲೂ ನೇರವಾಗಿ ಸರೋವರಗಳಿಗೆ ಓಡಬೇಕಾಗಿಲ್ಲ. ಖರ್ದುಂಗ್ ಲಾ ಬಹಳ ಎತ್ತರದ್ದಾದರೂ ಅದನ್ನು ದಾಟಿ ಇಳಿಯುವ ನುಬ್ರಾ ಕಣಿವೆಯು ಲೇಹಿಗಿಂತ ತಗ್ಗು. ಅದರ ಕೊನೆಯಲ್ಲಿರುವ ತುರ್ತುಕ್, 1971ರ ಯುದ್ಧದಲ್ಲಿ ಭಾರತಕ್ಕೆ ಸೇರಿದ ಬಾಲ್ಟಿಗಳ ಊರು. ತರುವಾಯ 4,200 ಮೀಟರಿಗೂ ಮೇಲಿರುವ ಪಾಂಗೋಂಗ್. ಕಡೆಗೆ 4,500 ಮೀಟರಿನ ಆಸುಪಾಸಿನ ತ್ಸೋ ಮೊರಿರಿ, ಹಾನ್ಲೆ. ಇದು ಚಾಂಗ್ಪಾ ಪಶುಪಾಲಕರ ಸೀಮೆ. ಪಶ್ಮೀನಾ ಉಣ್ಣೆಯ ಮೇಕೆಗಳ ಹುಲ್ಲುಗಾವಲು. ನೀರಿನಂಚಿನ ಹಸುರು ಅವರಿಗೆ ಜೀವನಾಧಾರವಾದುದರಿಂದ ಅಲ್ಲಿ ಮೋಟಾರು ಹಾಯಿಸುವುದು ಪರರ ಪೈರಿನಲ್ಲಿ ನುಗ್ಗಿದಂತೆಯೇ ಸರಿ.

ಕನ್ನಡಿಗನಿಗೆ ಈ ನಿರ್ಜನವು ಅಷ್ಟೇನೂ ಅಪರಿಚಿತವಲ್ಲ. ಹಾನ್ಲೆಯ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯದು. ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಸಂಪರ್ಕದಿಂದ ಅದನ್ನು ನಡೆಸುತ್ತಾರೆ. ಈ ಸರೋವರಗಳ ದಡದಲ್ಲಿ ಬೇಸಗೆಯಲ್ಲಿ ಮರಿಮಾಡುವ ಪಟ್ಟೆತಲೆ ಹೆಬ್ಬಾತುವಿನ ಕುಲವೇ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುವುದು. ಬೈಲಕುಪ್ಪೆ, ಮುಂಡಗೋಡುಗಳ ಮಠಗಳಲ್ಲಿ ಓದಿದ ಲಡಾಖಿ ಭಿಕ್ಷುವೊಬ್ಬನು ಲೇಹಿನಲ್ಲಿ ಎದುರಾಗಿ "ಊಟ ಆಯ್ತಾ?" ಎಂದರೆ ಬೆರಗಾಗಬೇಕಿಲ್ಲ.

ಉಳಿದ ಸಿದ್ಧತೆಗಳು ಸಣ್ಣವು. ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಅನುಕೂಲಕಾಲ. ಹೊರರಾಜ್ಯಗಳ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯದು, ಪೋಸ್ಟ್‌ಪೇಯ್ಡ್ ಬೇಕು. ಗಡಿಸೀಮೆಯ ಅನುಮತಿಯ ನಿಯಮಗಳು ಆಗಾಗ್ಗೆ ಬದಲಾಗುವುದರಿಂದ ಹೊರಡುವ ವಾರದಲ್ಲಿಯೇ ವಿಚಾರಿಸಿಕೊಳ್ಳಬೇಕು. ಶ್ರೀನಗರದ ದಾರಿಯೆಂದ ಮೇಲೆ ವರ್ತಮಾನವನ್ನು ಗಮನಿಸುವುದೂ ಅವಶ್ಯ: 2025ರ ಏಪ್ರಿಲ್‌ನಲ್ಲಿ ಪಹಲ್ಗಾಮಿನ ಹತ್ಯಾಕಾಂಡ ನಡೆಯಿತು, ಅದೇ ವರ್ಷದ ಸೆಪ್ಟೆಂಬರ್ 24ರಂದು, ರಾಜ್ಯದ ಸ್ಥಾನಮಾನಕ್ಕಾಗಿ ನಡೆದ ಚಳವಳಿಯಲ್ಲಿ ಲೇಹಿನಲ್ಲಿಯೇ ನಾಲ್ವರು ಮಡಿದರು. ಕಾಲ ಸರಿಯಿಲ್ಲವೆಂದು ತೋರಿದರೆ ವಿಮಾನವೇ ಗತಿ. ಆಗ ಲೇಹಿನ ಎರಡು ದಿನವನ್ನು ಮೂರಾಗಿಸಿಕೊಂಡರೆ ಒಳ್ಳೆಯದು.

ಮರಳುವಾಗ ಮಾತ್ರ ವಿಮಾನಕ್ಕೆ ಅಡ್ಡಿಯಿಲ್ಲ. ಇಳಿಯುವವನಿಗೆ ಆ ವೇಗದಿಂದ ಬಾಧೆಯಿಲ್ಲ. ಬೆಳಗ್ಗೆ ಲೇಹನ್ನು ಬಿಟ್ಟವರು ಮಧ್ಯಾಹ್ನದ ಊಟಕ್ಕೆ ಕರೋಲ್ ಬಾಗನ್ನು ಸೇರಬಹುದು.